ಪ್ರಣಯಕಥೆಗಳಲ್ಲಿ ಯೂರೋಪಿನ ಯಾತ್ರೆ

ಪ್ರವಾಸಕ್ಕೂ ಪ್ರಣಯಕ್ಕೂ ಇರುವ ನಂಟು ಬಹು ಹಳೆಯದು. ರಾಮಗಿರಿಯಿಂದ ಅಲಕಾಪುರಿಯವರೆಗಿನ ಹಾದಿಯನ್ನು ತೆಗೆದುಬಿಟ್ಟರೆ ಮೇಘದೂತದಲ್ಲಿ ಉಳಿಯುವುದೇನು? ನಮ್ಮ ಆಲಂಕಾರಿಕರು ಉದ್ಯಾನ, ಋತು, ಚಂದ್ರಿಕೆ ಮೊದಲಾದವುಗಳನ್ನು ಶೃಂಗಾರಕ್ಕೆ ಉದ್ದೀಪನ ವಿಭಾವಗಳೆಂದು ಎಣಿಸಿರುವುದು ವಾಚಕರಿಗೆ ತಿಳಿದೇ ಇದೆ. ಆದರೆ ಹಿಂದಿನ ಕಾಲದ ಯೂರೋಪಿನ ಪ್ರವಾಸವನ್ನು ಹಿನ್ನೆಲೆಯಾಗಿರಿಸಿಕೊಂಡು ಇಂದು ಇಂಗ್ಲಿಷಿನಲ್ಲಿ ಹೇರಳವಾಗಿ ಹೊರಬರುತ್ತಿರುವ ಪ್ರಣಯ ಕಾದಂಬರಿಗಳನ್ನು ಓದುವಾಗ, ಉದ್ದೀಪನವೊಂದೇ ಸಾಲದೆಂದು ತೋರದೆ ಇರದು. ವೆನಿಸ್ ನಗರದ ದೋಣಿ, ರೋಮಿನ ಬೆಳದಿಂಗಳು, ಆಲ್ಪ್ಸ್ ಪರ್ವತದ ಹಿಮ, ಇವು ಅನೇಕ ಕಥೆಗಳಲ್ಲಿ ನಾಟಕದ ಪರದೆಗಳಂತೆ ಇಳಿಯುತ್ತವೆ, ಏರುತ್ತವೆ. ಪರದೆ ಬದಲಾದರೂ ಕಥೆ ಬದಲಾಗುವುದಿಲ್ಲ. ಯಾತ್ರೆಯೇ ಕಥೆಗೆ ಕಾರಣವಾಗಬೇಕು, ಯಾತ್ರೆಯ ಬೆಲೆಯನ್ನು ಪಾತ್ರಗಳು ತೆರಬೇಕು. ಅದಿಲ್ಲದ ಕಡೆ ದೇಶಾಂತರವು ಕೇವಲ ವೇಷಾಂತರವೇ ಸರಿ.

ಆ ಯಾತ್ರೆಯ ಸ್ವರೂಪವನ್ನು ಸ್ವಲ್ಪ ನೋಡೋಣ. 17 ಮತ್ತು 18ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಶ್ರೀಮಂತರು ತಮ್ಮ ಗಂಡುಮಕ್ಕಳನ್ನು ವಿದ್ಯಾಭ್ಯಾಸದ ಕಡೆಯ ಘಟ್ಟವೆಂದು ಫ್ರಾನ್ಸ್, ಇಟಲಿಗಳಿಗೆ ಕಳುಹಿಸುತ್ತಿದ್ದರು. 'ಗ್ರ್ಯಾಂಡ್ ಟೂರ್' ಎಂಬ ಹೆಸರು ರಿಚರ್ಡ್ ಲಾಸೆಲ್ಸನ 1670ರ ಗ್ರಂಥದಲ್ಲಿ ಕಾಣಬರುತ್ತದೆ. ಸಂಗಡ ಒಬ್ಬ ಉಪಾಧ್ಯಾಯ, ಕೈಯಲ್ಲಿ ಹುಂಡಿ ಮತ್ತು ರಹದಾರಿ. ಮೋಂ ಸೆನಿ ಕಣಿವೆಯನ್ನು ಸೇರಿದೊಡನೆ ಗಾಡಿಯನ್ನು ಬಿಚ್ಚಿ ಹೇಸರಗತ್ತೆಗಳ ಮೇಲೆ ಹೇರುವರು. ಪ್ರಯಾಣಿಕನನ್ನು ಕುರ್ಚಿಯಲ್ಲಿ ಕೂರಿಸಿ ಕೂಲಿಗಳು ಹೊತ್ತು ದಾಟಿಸುವರು. ಮನೆಯ ಕಾಗದ ಬರಲು ವಾರಗಳೇ ಬೇಕು. ಬಳಿಕ ಉಗಿಬಂಡಿ ಬಂದಿತು. 1863ರಲ್ಲಿ ಥಾಮಸ್ ಕುಕ್ ಪ್ರವಾಸಿಗರ ತಂಡವನ್ನು ಸ್ವಿಟ್ಜರ್ಲೆಂಡಿಗೆ ಕರೆದೊಯ್ದನು. 1871ರಲ್ಲಿ ಆಲ್ಪ್ಸ್ ಪರ್ವತವನ್ನು ಕೊರೆದ ಸುರಂಗಮಾರ್ಗವು ತೆರೆಯಿತು. ಮಧ್ಯಮವರ್ಗದ ಹೆಣ್ಣುಮಕ್ಕಳೂ ಹೆಚ್ಚಾಗಿ ಹೊರಟರು. ಆದರೆ ಮನೆಯ ಕಟ್ಟಳೆ ಮನೆಯಲ್ಲೇ ಉಳಿಯಲಿಲ್ಲ. ಕಾವಲಿಗೆ ಬಂದ ಹಿರಿಯಳ ರೂಪದಲ್ಲಿ ಅದೂ ಬಂಡಿಯನ್ನೇರಿತು.

ಮದಾಮ್ ದ ಸ್ತಾಲ್ 1807ರಲ್ಲಿ ಪ್ರಕಟಿಸಿದ 'ಕೊರಿನ್' ಈ ಜಾತಿಯ ಕಾದಂಬರಿಗಳಿಗೆ ಹಿರಿಯಕ್ಕನಿದ್ದಂತೆ. ಸ್ಕಾಟ್ಲೆಂಡಿನ ನೆಲ್ವಿಲ್ ಪ್ರಭುವು ರೋಮಿಗೆ ಬಂದಾಗ ಕವಯಿತ್ರಿ ಕೊರಿನ್‌ಳಿಗೆ ಕ್ಯಾಪಿಟಲ್ ಗುಡ್ಡದ ಮೇಲೆ ಕಿರೀಟಧಾರಣೆಯಾಗುತ್ತಿರುತ್ತದೆ. ಅವಳೇ ಅವನಿಗೆ ನಗರವನ್ನು ತೋರಿಸುತ್ತಾಳೆ. ಶಿಲ್ಪ, ಚಿತ್ರ, ಭಗ್ನಾವಶೇಷಗಳ ವರ್ಣನೆ ಎಷ್ಟು ವಿಸ್ತಾರವೆಂದರೆ ಕಥೆ ಅಲ್ಲಲ್ಲಿ ಕುಂಟುತ್ತದೆಂಬುದನ್ನು ಒಪ್ಪಲೇಬೇಕು. ಆದರೂ ಇಟಲಿ ಇಲ್ಲಿ ಪರದೆಯಲ್ಲ. ಅಲ್ಲಿ ಪೂಜ್ಯಳಾದ ಹೆಣ್ಣಿಗೆ ಇಂಗ್ಲೆಂಡಿನಲ್ಲಿ ಸ್ಥಾನವಿಲ್ಲ. ಗತಿಸಿದ ತಂದೆಯ ಹಳೆಯ ಕಾಗದವೊಂದು ನೆಲ್ವಿಲ್‌ನನ್ನು ಕಟ್ಟಿಹಾಕುತ್ತದೆ. ಅವನು ಅವಳ ಮಲತಂಗಿಯ ಕೈಹಿಡಿಯುತ್ತಾನೆ. ಕೊರಿನ್ ಕೊರಗಿ ಸಾಯುತ್ತಾಳೆ. ಎರಡು ದೇಶಗಳ ನಡುವಣ ಅಂತರವೇ ಈ ವಿಯೋಗಕ್ಕೆ ಮೂಲ.

ಹೆನ್ರಿ ಜೇಮ್ಸ್ 1878ರಲ್ಲಿ ಬರೆದ 'ಡೇಸಿ ಮಿಲ್ಲರ್' ಗಾತ್ರದಲ್ಲಿ ಚಿಕ್ಕದು, ಪೆಟ್ಟಿನಲ್ಲಿ ದೊಡ್ಡದು. ಅಮೆರಿಕದ ಮುಗ್ಧ ಹುಡುಗಿ ರೋಮಿನಲ್ಲಿ ಒಬ್ಬ ಇಟಾಲಿಯನ್ ತರುಣನೊಡನೆ ನಿಸ್ಸಂಕೋಚವಾಗಿ ತಿರುಗಾಡುತ್ತಾಳೆ. ಅವಳನ್ನು ಮೊದಲು ಶಿಕ್ಷಿಸುವವರು ರೋಮಿನವರಲ್ಲ, ಅಲ್ಲಿ ನೆಲೆಸಿದ ಅವಳ ದೇಶದವರೇ. ಇರುಳಿನಲ್ಲಿ ಕೊಲೊಸಿಯಮ್ಮಿಗೆ ಹೋದುದರಿಂದ ಜ್ವರ ತಗಲಿ ಅವಳು ತೀರಿಕೊಳ್ಳುತ್ತಾಳೆ. ಆ ಜ್ವರ ಕೆಟ್ಟ ಗಾಳಿಯಿಂದ ಬರುವುದೆಂಬುದು ಅಂದಿನ ನಂಬಿಕೆ. ಸೊಳ್ಳೆಯ ದೇಹದಲ್ಲಿ ಮಲೇರಿಯಾ ಕ್ರಿಮಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಬೆಳದಿಂಗಳ ರೋಮ್ ಎಲ್ಲ ಪ್ರಣಯಕಥೆಗಳಿಗೂ ಪ್ರಿಯವಾದದ್ದೇ. ಆದರೆ ಆ ಬೆಳದಿಂಗಳಿಗೆ ಪ್ರಾಣವನ್ನೇ ಬೆಲೆಯಾಗಿ ಕೇಳಿದವನು ಜೇಮ್ಸ್. ಅವಳನ್ನು ಶಂಕಿಸಿದ ವಿಂಟರ್‌ಬೋರ್ನ್ ಮಾತ್ರ ಸುಖವಾಗಿ ಜಿನೀವಾಕ್ಕೆ ಹಿಂದಿರುಗುತ್ತಾನೆ. ಗಂಡು ಬಂದು ಹೋಗುತ್ತಾನೆ, ಹೆಣ್ಣು ತೆರುತ್ತಾಳೆ: ಕೊರಿನ್‌ಳ ಕಥೆಯಲ್ಲಿಯೂ ಇದೇ ಲೆಕ್ಕ.

ಇ. ಎಂ. ಫಾರ್ಸ್ಟರನ 'ಎ ರೂಮ್ ವಿತ್ ಎ ವ್ಯೂ' 1908ರದು. ಫ್ಲಾರೆನ್ಸಿನ ಸಾಂತಾ ಕ್ರೋಚೆ ದೇವಾಲಯದಲ್ಲಿ ಲೂಸಿಯ ಕೈಯಲ್ಲಿ ಬೇಡೆಕರ್ ಮಾರ್ಗದರ್ಶಿ ಇಲ್ಲವಾಗುತ್ತದೆ. ಯಾವ ಗೋರಿಯನ್ನು ಮೆಚ್ಚಬೇಕೆಂಬುದು ಆಗ ಅವಳಿಗೆ ತೋಚುವುದಿಲ್ಲ. ತನ್ನ ಕಣ್ಣಿನಿಂದಲೇ ನೋಡಬೇಕಾಗುತ್ತದೆ. ಪ್ರಣಯದ ಬೀಜ ಅಲ್ಲಿದೆ. ಸುಖಾಂತವಾದರೂ ಈ ಕಥೆ ಅಗ್ಗದ್ದಲ್ಲ. ಮನೆಯವರ ಅಸಮಾಧಾನವನ್ನು ಹೊತ್ತುಕೊಂಡೇ ಲೂಸಿ ಪತಿಯೊಡನೆ ಫ್ಲಾರೆನ್ಸಿಗೆ ಮರಳುತ್ತಾಳೆ.

ಇಂದಿನ ಲೇಖಕರಿಗೆ ಮೂವರಿಗೂ ಇಲ್ಲದಿದ್ದ ಸೌಕರ್ಯವಿದೆ. ಹಳೆಯ ಉಡುಪು, ಗಾಡಿ, ಊಟಗಳ ವಿವರಗಳೆಲ್ಲ ಅವರಿಗೆ ಸುಲಭವಾಗಿ ಸಿಗುತ್ತವೆ. ಆದರೆ ವಿವರ ಬೇರೆ, ಕಾಲಧರ್ಮ ಬೇರೆ. ಕಾವಲಿನ ಹಿರಿಯಳನ್ನು ಒಂದು ತಲೆನೋವಿನ ನೆಪದಿಂದ ಕೋಣೆಗೆ ಕಳುಹಿಸಿ, ನಾಯಿಕೆಗೆ ಇಂದಿನ ಸ್ವಾತಂತ್ರ್ಯವನ್ನು ಪುಕ್ಕಟೆಯಾಗಿ ಕೊಟ್ಟುಬಿಟ್ಟರೆ, ಅಂದಿನ ಹೆಣ್ಣು ನಿಜವಾಗಿ ತೋರಿದ ಧೈರ್ಯಕ್ಕೆ ಅವಮಾನ ಮಾಡಿದಂತಾಗುತ್ತದೆ. ಕಟ್ಟಳೆಯ ಭಾರ ತಿಳಿಯದೆ ಅದನ್ನು ಮುರಿದವಳ ಬಲ ತಿಳಿಯುವುದೆಂತು?

ಆದುದರಿಂದ ಇಂತಹ ಕಾದಂಬರಿಯನ್ನು ಕೈಗೆತ್ತಿಕೊಂಡ ಸಹೃದಯರು, ಊರಿನ ವರ್ಣನೆ ಎಷ್ಟು ಸೊಗಸಾಗಿದೆಯೆಂದು ಕೇಳುವುದಕ್ಕೆ ಮುಂಚೆ, ಈ ಇಬ್ಬರೂ ಮನೆಯಲ್ಲೇ ಇದ್ದಿದ್ದರೆ ಕಥೆ ಹೀಗೆಯೇ ನಡೆಯುತ್ತಿತ್ತೇ ಎಂದು ಕೇಳಿಕೊಳ್ಳಲಿ. ನಡೆಯುತ್ತಿತ್ತೆಂದು ಉತ್ತರ ಬಂದರೆ, ಲೇಖಕನು ನಮ್ಮನ್ನು ಎಲ್ಲಿಗೂ ಕರೆದೊಯ್ದಿಲ್ಲ.