ಡೈವ್ ಮುಗಿಯುವುದು ಘಟ್ಟದ ಮೇಲೆ

ಸಮೇತನಹಳ್ಳಿಗೆ ಯಾವ ಕಡಲೂ ಹತ್ತಿರವಲ್ಲ. ನಕ್ಷೆ ಬಿಡಿಸಿ ಅಳೆದರೆ ಪೂರ್ವದ ಬಂಗಾಳ ಕೊಲ್ಲಿಯೇ ಸಮೀಪ. ಆದರೂ ನಮ್ಮ ಹೊಸಕೋಟೆ, ಕಾಡುಗೋಡಿ ಕಡೆಯ ಹುಡುಗ ಹುಡುಗಿಯರು ಸ್ಕೂಬಾ ಎಂದೊಡನೆ ಪಶ್ಚಿಮಕ್ಕೇ ಮುಖ ಮಾಡುತ್ತಾರೆ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದ ಮೇಲಂತೂ ಅಪ್ಪು ಇಳಿದ ನೀರಿಗೆ ತಾವೂ ಇಳಿಯಬೇಕು ಎನ್ನುವವರು ನನಗೆ ಹೋದಲ್ಲೆಲ್ಲ ಸಿಗುತ್ತಾರೆ. ಯಾವ ಕೇಂದ್ರ ಒಳ್ಳೆಯದು, ಈಜು ಬಾರದಿದ್ದರೆ ಆಗುತ್ತದೆಯೇ, ಶಾರ್ಕ್ ಇದೆಯೇ ಎಂದೆಲ್ಲ ಕೇಳುತ್ತಾರೆ. ಡೈವ್ ಆದ ಮೇಲೆ ಊರಿಗೆ ಯಾವಾಗ ಹೊರಡಬಹುದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬಯಲುಸೀಮೆಯ ಎತ್ತರದಲ್ಲಿ ಬದುಕುವ ನಾವು ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಅದನ್ನೇ.

ಅದಕ್ಕೂ ಮುಂಚೆ ನೇತ್ರಾಣಿಯ ಬಗ್ಗೆ ನಾಲ್ಕು ಮಾತು, ಏಕೆಂದರೆ ಅಂಡಮಾನಿನ ಹ್ಯಾವ್‌ಲಾಕ್‌ನ ಗುಂಗಿನಲ್ಲಿ ಇದನ್ನು ಕಡೆಗಣಿಸುವ ಡೈವರ್‌ಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ. ದಡದಿಂದ ಸುಮಾರು 19 ಕಿಲೋಮೀಟರ್. ದೋಣಿ ಹೊರಟರೆ 37 ಮೀಟರ್ ಎತ್ತರದ ಶಿವ ಮತ್ತು ಪಕ್ಕದ ರಾಜಗೋಪುರ ಬಹಳ ಹೊತ್ತು ಬೆನ್ನ ಹಿಂದೆಯೇ ಉಳಿಯುತ್ತವೆ. ಆಮೇಲೆ ಎದುರಿಗೆ ಕಾಡು ಹೊದ್ದ ಕಡಿದಾದ ಬಂಡೆಯೊಂದು ಎದ್ದು ನಿಲ್ಲುತ್ತದೆ. ಜನವಸತಿ ಇಲ್ಲ. ಮರಳ ದಂಡೆ, ಈಚಲ ಕುರ್ಚಿ, ಎಳನೀರು, ಏನೂ ಇಲ್ಲ. ಡೈವ್ ಕೇಂದ್ರ, ರೆಸಾರ್ಟ್ ಎರಡೂ ಮುರುಡೇಶ್ವರದಲ್ಲೇ. ದ್ವೀಪದ ಬುಡದಲ್ಲಿ ಲಂಗರು ಹಾಕಿ ದೋಣಿಯಿಂದಲೇ ಇಳಿಯುವುದು. ಹಿಂದೆ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದ ಈ ಬಂಡೆಯ ಸುತ್ತ ಹವಳ ಉಳಿದು ಬೆಳೆದಿರುವುದೇ ನಮ್ಮ ಪುಣ್ಯ.

ನೀರಿಗಿಳಿದ ಕ್ಷಣದಿಂದ ಒಂದು ಚಟಪಟ ಸದ್ದು ಕಿವಿ ತುಂಬುತ್ತದೆ. ಅದು ಸಂದುಗೊಂದುಗಳಲ್ಲಿರುವ ಪುಟ್ಟ ಸಿಗಡಿಗಳು ಕೊಂಡಿ ಸಿಡಿಸುವ ಸದ್ದು. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುವುದರಿಂದ ಎತ್ತಲಿಂದ ಬರುತ್ತಿದೆ ಎಂದು ಗೊತ್ತಾಗುವುದಿಲ್ಲ, ಸುತ್ತಲ ಕಡಲೇ ಸದ್ದು ಮಾಡಿದಂತಿರುತ್ತದೆ. ಗಿಳಿಮೀನು ಹವಳವನ್ನು ಕಚ್ಚಿ ಕೆರೆಯುವುದೂ ಕೇಳಿಸುತ್ತದೆ. ಕರಾವಳಿಯವರು ಮುರು ಎನ್ನುವ ದೊಡ್ಡ ಬಾಯಿಯ ಗ್ರೂಪರ್ ಬಂಡೆಯಡಿಯಿಂದ ನಮ್ಮನ್ನೇ ನೋಡುತ್ತಿರುತ್ತದೆ. ಚಿಟ್ಟೆಮೀನು ಜೋಡಿಜೋಡಿಯಾಗಿ ಸುಳಿಯುತ್ತವೆ. ಅದೃಷ್ಟವಿದ್ದರೆ ಬರಾಕುಡಾ ಹಿಂಡು. ಕೆಳಗಿಳಿದಂತೆ ಮೊದಲು ಮಾಯವಾಗುವ ಬಣ್ಣ ಕೆಂಪು. ಹತ್ತಾರು ಮೀಟರ್ ಆಳದಲ್ಲಿ ಕೆಂಪು ಮೀನು ಬೂದಾಗಿ ಕಾಣುತ್ತದೆ, ಟಾರ್ಚ್ ಹಾಕಿದರೆ ಮಾತ್ರ ತನ್ನ ಬಣ್ಣ ತೋರುತ್ತದೆ. ಕ್ಯಾಮೆರಾಕ್ಕಿಂತ ಮುಂಚೆ ಒಂದು ಒಳ್ಳೆಯ ಟಾರ್ಚ್ ಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಈಗ ಆ ಕೇಳದ ಪ್ರಶ್ನೆಗೆ ಬರೋಣ.

ಕಡಲಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾತಾವರಣದಷ್ಟು ಒತ್ತಡ ಮೈಮೇಲೆ ಏರುತ್ತದೆ. ನೀರಿನ ಮೇಲಿನ ಗಾಳಿಯ ಒಂದನ್ನೂ ಸೇರಿಸಿದರೆ 18 ಮೀಟರ್‌ನಲ್ಲಿ ಅದು 2.8. ಆ ಒತ್ತಡದಲ್ಲಿ ಉಸಿರಾಡುವ ಗಾಳಿಯ ಸಾರಜನಕ ರಕ್ತಕ್ಕೆ, ಕೊಬ್ಬಿಗೆ, ಕೀಲುಗಳಿಗೆ ಕರಗಿ ಸೇರುತ್ತದೆ. ಮೇಲೆ ಬರುವಾಗ ಅದು ಹೊರಟುಹೋಗಬೇಕು, ಆದರೆ ನಿಧಾನವಾಗಿ. ಅವಸರವಾದರೆ ಮೈಯೊಳಗೇ ಗುಳ್ಳೆಯೇಳುತ್ತದೆ. ನೀರಿನಿಂದ ಹೊರಬರುವ ಮುಂಚೆ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಿಸುವುದು, ಅಂದರೆ ಸೇಫ್ಟಿ ಸ್ಟಾಪ್, ಈ ಕಾರಣಕ್ಕೆ. ಆದರೆ ದೋಣಿ ಹತ್ತಿದಾಗಲೂ ಒಂದಿಷ್ಟು ಸಾರಜನಕ ಒಳಗೇ ಇರುತ್ತದೆ, ಗಂಟೆಗಟ್ಟಲೆ ಇರುತ್ತದೆ.

ಇದರ ಲೆಕ್ಕವನ್ನು ಮೊದಲು ಸರಿಯಾಗಿ ಹಾಕಿದವರು ಜಾನ್ ಸ್ಕಾಟ್ ಹಾಲ್ಡೇನ್. ಬ್ರಿಟಿಷ್ ನೌಕಾಪಡೆಗಾಗಿ ಮೇಕೆಗಳನ್ನು ಉಕ್ಕಿನ ಒತ್ತಡದ ಕೋಣೆಯಲ್ಲಿರಿಸಿ ಪರೀಕ್ಷಿಸಿ, 1908ರಲ್ಲಿ ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು ಪ್ರಕಟಿಸಿದರು. ಎರಡು ವಾತಾವರಣದಿಂದ ಒಂದಕ್ಕೆ ನೇರವಾಗಿ ಬಂದರೆ ಅಪಾಯವಿಲ್ಲ, ಆ ಎರಡಕ್ಕೊಂದರ ಪ್ರಮಾಣ ಮೀರಿದರೆ ಎಚ್ಚರ ಬೇಕು ಎಂಬುದು ಅವರು ಕಂಡುಕೊಂಡ ಆಧಾರ. (ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ನಮ್ಮ ಪೌರತ್ವ ಪಡೆದು, ಭುವನೇಶ್ವರದಲ್ಲಿ ತೀರಿಕೊಂಡರು. ಹುಡುಗನಾಗಿದ್ದಾಗ ಅಪ್ಪನ ಪ್ರಯೋಗಕ್ಕಾಗಿ ಡೈವಿಂಗ್ ಉಡುಪು ತೊಟ್ಟು ಕಡಲಿಗಿಳಿದವರು ಅವರು.) ಕೋಷ್ಟಕಗಳು ಆಮೇಲೆ ಎಷ್ಟೋ ಬದಲಾಗಿವೆ, ಕೈಯಲ್ಲಿ ಕಟ್ಟುವ ಡೈವ್ ಕಂಪ್ಯೂಟರ್ ಬಂದಿದೆ. ಆದರೆ ಆ ಲೆಕ್ಕಗಳೆಲ್ಲ ಸಾಮಾನ್ಯವಾಗಿ ಡೈವರ್ ಕಡಲ ಮಟ್ಟದಲ್ಲೇ ಉಳಿಯುತ್ತಾನೆ ಎಂದುಕೊಂಡೇ ಶುರುವಾಗುತ್ತವೆ.

ನಾವು ಕಡಲ ಮಟ್ಟದಲ್ಲಿ ಉಳಿಯುವವರಲ್ಲ. ಸಮೇತನಹಳ್ಳಿ, ಬೆಂಗಳೂರು ಎಲ್ಲ 900 ಮೀಟರ್ ಎತ್ತರದ ಆಸುಪಾಸಿನಲ್ಲಿವೆ. ಇಲ್ಲಿ ಗಾಳಿಯ ಒತ್ತಡ ಕಡಲ ದಂಡೆಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಡೈವ್ ಆದ ಮೇಲೆ ವಿಮಾನ ಹತ್ತುವವರಿಗೆ ಎತ್ತರಕ್ಕೆ ಹೋಗುವ ಮುಂಚೆ ಕಾಯಬೇಕೆಂಬುದು ಗೊತ್ತು. ಡೈವರ್‌ಗಳ ಸುರಕ್ಷತೆಯ ಅಂತರರಾಷ್ಟ್ರೀಯ ಸಂಸ್ಥೆ ಡಾನ್‌ನ ಸಲಹೆಯಂತೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನಗಳ ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಈ ಸಲಹೆ ಅನ್ವಯವಾಗುವುದು 2,000 ಅಡಿಯಿಂದ, ಅಂದರೆ ಸುಮಾರು 610 ಮೀಟರಿನಿಂದ. ಆ ಎತ್ತರಕ್ಕೆ ರೆಕ್ಕೆಯ ಮೇಲೆ ಹೋದರೂ ಚಕ್ರದ ಮೇಲೆ ಹೋದರೂ ಮೈಗೆ ವ್ಯತ್ಯಾಸವಿಲ್ಲ. ಗೇರುಸೊಪ್ಪೆ ದಾಟಿ ಮಲೆಮನೆ ಘಟ್ಟ ಹತ್ತಿದರೆ ಆ ಗೆರೆಯ ಸನಿಹಕ್ಕೆ ಬರುತ್ತೇವೆ, ತುಮಕೂರಿನ ಹೊತ್ತಿಗೆ ದಾಟಿರುತ್ತೇವೆ. ಮಂಗಳೂರಿನ ಮೇಲಿಂದ ಬೈಯಪ್ಪನಹಳ್ಳಿಗೆ ಬರುವ ರೈಲಿನಲ್ಲಾದರೆ ಸಕಲೇಶಪುರದಲ್ಲೇ 900 ಮೀಟರ್ ಮುಟ್ಟಿರುತ್ತೇವೆ.

ಹೇಳುತ್ತಿರುವುದು ಹೆದರಿಸುವುದಕ್ಕಲ್ಲ. ಇನ್‌ಸ್ಟ್ರಕ್ಟರ್ ಕೈಹಿಡಿದು ಏಳೆಂಟು ಮೀಟರಿಗೆ ಒಮ್ಮೆ ಇಳಿಸಿ ತರುವ ಅರ್ಧ ಗಂಟೆಯ ಮೊದಲ ಡೈವ್‌ನಲ್ಲಿ ಸಾರಜನಕ ಸೇರುವುದು ಅಲ್ಪ. ನನ್ನ ಚಿಂತೆ ಡೈವರ್ ಪ್ರಮಾಣಪತ್ರಕ್ಕಾಗಿ ಓಪನ್ ವಾಟರ್ ಕೋರ್ಸ್ ಮಾಡುವವರ ಬಗ್ಗೆ. ಅದಕ್ಕೆ ಕಡಲಿನಲ್ಲಿ ನಾಲ್ಕು ಡೈವ್ ಬೇಕು. ಈಜುಕೊಳದ ಪಾಠವನ್ನು ಬೆಂಗಳೂರಿನಲ್ಲೇ ಮುಗಿಸಿ, ಶನಿವಾರ ಎರಡು, ಭಾನುವಾರ ಎರಡು ಡೈವ್ ಮಾಡಿ, ಭಾನುವಾರ ಸಂಜೆ ಸ್ಲೀಪರ್ ಬಸ್ ಹತ್ತಿ, ಸೋಮವಾರ ಬೆಳಿಗ್ಗೆ ವೈಟ್‌ಫೀಲ್ಡಿನ ಕಚೇರಿಗೆ ಹಾಜರಾಗುವುದು ಈಗ ರೂಢಿಯಾಗಿಬಿಟ್ಟಿದೆ. 18 ಮೀಟರ್ ಆಳ, ಎರಡು ದಿನ, ನಾಲ್ಕು ಡೈವ್. ಬಸ್ಸು ಹತ್ತುವ ಹೊತ್ತಿಗೆ, ಕಾಯಬೇಕಾದ 18 ಗಂಟೆಯಲ್ಲಿ ಅರ್ಧದಷ್ಟೂ ಕಾದಿರುವುದಿಲ್ಲ. ಇನ್ನೊಂದು ತೊಡಕೂ ಇದೆ. ಗುಳ್ಳೆಯ ತೊಂದರೆ ಶುರುವಾಗುವುದು ಭುಜದ ನೋವು, ಕೈಕಾಲು ಜುಮುಗುಡುವುದು, ವಿಪರೀತ ಸುಸ್ತು, ಇಂಥವುಗಳಿಂದ. ರಾತ್ರಿಯಿಡೀ ಬಸ್ಸಿನಲ್ಲಿ ಮಲಗಿ ಬಂದವನು ಇವನ್ನೆಲ್ಲ ಬಸ್ಸಿನ ಲೆಕ್ಕಕ್ಕೇ ಬರೆದು ಸುಮ್ಮನಾಗುತ್ತಾನೆ. ಡೈವ್ ಆದ 24 ಗಂಟೆಯೊಳಗೆ ಹೀಗೇನಾದರೂ ಆದರೆ ವೈದ್ಯರ ಮುಂದೆ ಮೊದಲು ಹೇಳಬೇಕಾದ ಮಾತು ‘ನಾನು ಡೈವ್ ಮಾಡಿ ಬಂದಿದ್ದೇನೆ’ ಎಂಬುದು. ಮೊದಲು ಬೇಕಾಗುವುದು ಶುದ್ಧ ಆಮ್ಲಜನಕ.

ಹಾಗಾಗಿ ಡೈವ್ ಕೇಂದ್ರವನ್ನು ಅಳೆಯಲು ನನ್ನದು ಒಂದೇ ಪರೀಕ್ಷೆ. ಅಂಡಮಾನಿನಲ್ಲಾಗಲಿ ಲಕ್ಷದ್ವೀಪದಲ್ಲಾಗಲಿ ಒಳ್ಳೆಯ ಕೇಂದ್ರದವರು ಹೆಸರು ಬರೆದುಕೊಳ್ಳುವಾಗಲೇ ನಿಮ್ಮ ವಿಮಾನ ಎಂದು, ಎಷ್ಟು ಗಂಟೆಗೆ ಎಂದು ಕೇಳುತ್ತಾರೆ. ಅದರ ಮೇಲೆ ಕೊನೆಯ ಡೈವ್ ಗೊತ್ತುಮಾಡುತ್ತಾರೆ. ಮುರುಡೇಶ್ವರದಲ್ಲಿ ನಿಮ್ಮ ಬಸ್ಸಿನ ಬಗ್ಗೆ ಅದೇ ಪ್ರಶ್ನೆ ಕೇಳುವ ಇನ್‌ಸ್ಟ್ರಕ್ಟರ್ ಸಿಕ್ಕರೆ ಅವರನ್ನು ಬಿಡಬೇಡಿ. ಸಲಕರಣೆ ಹೊಸದಾಗಿರುವುದು, ದೋಣಿ ದೊಡ್ಡದಾಗಿರುವುದು, ವಿಡಿಯೊ ಉಚಿತವಾಗಿರುವುದು ಎಲ್ಲ ಆಮೇಲಿನ ಮಾತು.

ಮಳೆಗಾಲ ಕಳೆದು ಅಕ್ಟೋಬರ್ ಹೊತ್ತಿಗೆ ದೋಣಿಗಳು ಮತ್ತೆ ಹೊರಡುತ್ತವೆ. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾಗಿರುತ್ತದೆ, ಕೋರ್ಸ್ ಮಾಡುವವರು ಆಗಲೇ ಹೋಗಲಿ. ಸೋಮವಾರಕ್ಕೆ ಈಗಲೇ ರಜೆ ಹಾಕಿಕೊಳ್ಳಿ. ಆ ದಿನ ಮಾಡಲು ಕೆಲಸವೇನೂ ಕಡಿಮೆಯಿಲ್ಲ: ಭಟ್ಕಳದಲ್ಲಿ ಖೇತಪೈ ನಾರಾಯಣ ದೇವಾಲಯದ ಕಲ್ಲಿನ ಕೆತ್ತನೆ ನೋಡಬಹುದು, ಹೊನ್ನಾವರದ ಕಾಸರಕೋಡಿನಲ್ಲಿ ಕಾಂಡ್ಲಾ ಕಾಡಿನೊಳಗಿನ ಹಲಗೆ ಹಾದಿಯಲ್ಲಿ ನಡೆಯಬಹುದು, ಗುಣವಂತೆಯಲ್ಲಿ ಕೆರೆಮನೆಯವರ ಯಕ್ಷಗಾನ ಆ ದಿನವಿದೆಯೇ ವಿಚಾರಿಸಬಹುದು. ಎಲ್ಲವೂ ಕಡಲ ಮಟ್ಟದಲ್ಲೇ ಇವೆ. ಸೋಮವಾರ ರಾತ್ರಿಯ ಬಸ್ಸು ಹತ್ತಿ.