ಸೂತ್ರದ ಮರ, ಸಿಂಪೈನ ಆತುರ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಾಣಾಪುರದ ಕೆರೆಗೂ ಗಂಗಾವತಿಯ ಭತ್ತದ ಗದ್ದೆಗಳಿಗೂ ಆಧಾರ. ಇಂಥ ಕಾಲುವೆಯಲ್ಲಿ ಸೆಕೆಂಡಿಗೆ ಎಷ್ಟು ನೀರು ಹರಿದೀತು ಎಂದು ನೋಡಲು ಎಂಜಿನಿಯರುಗಳು ಇಂದಿಗೂ ಮೊರೆಹೋಗುವುದು ಮ್ಯಾನಿಂಗ್ ಸೂತ್ರಕ್ಕೆ. ಹರಿವಿನ ಅಡ್ಡಕೊಯ್ತದ ವಿಸ್ತೀರ್ಣ ಎ. ನೀರು ತಾಗುವ ತಳ ಮತ್ತು ದಂಡೆಯ ಉದ್ದ ಪಿ. ಎ/ಪಿ ಎಂದರೆ ಹೈಡ್ರಾಲಿಕ್ ರೇಡಿಯಸ್, ಆರ್. ಎ ಯನ್ನು ಆರ್‌ನ 2/3 ಘಾತದಿಂದಲೂ ಇಳಿಜಾರಿನ ವರ್ಗಮೂಲದಿಂದಲೂ ಗುಣಿಸಿ ಒರಟುತನದ ಗುಣಾಂಕದಿಂದ ಭಾಗಿಸಬೇಕು.

ಪೈಥಾನ್‌ನ ಸಿಂಪೈ ಎಂಬ ಚಿಹ್ನಾತ್ಮಕ ಬೀಜಗಣಿತದ ಲೈಬ್ರರಿಯನ್ನು ಒರೆಗೆ ಹಚ್ಚಲು ಈ ಸೂತ್ರ ಸಾಕು. ಸಿಂಪೈ ಪ್ರತಿ ಸೂತ್ರವನ್ನೂ ಮರವಾಗಿ ಇಟ್ಟುಕೊಳ್ಳುತ್ತದೆ: ಈ ಸೂತ್ರದಲ್ಲಾದರೆ ಬುಡದಲ್ಲಿ ಗುಣಾಕಾರ, ಅದರ ಕೊಂಬೆಗಳಲ್ಲಿ ಘಾತಗಳು, ತುದಿಯಲ್ಲಿ ಚಿಹ್ನೆಗಳು ಮತ್ತು ಸಂಖ್ಯೆಗಳು. ಮರದ ಯಾವ ಗಂಟನ್ನು (ನೋಡ್) ಹಿಡಿದರೂ ‘ಫಂಕ್’ ಅದರ ಜಾತಿಯನ್ನು ಹೇಳುತ್ತದೆ, ‘ಆರ್ಗ್ಸ್’ ಅದರ ಮಕ್ಕಳನ್ನು ಕೊಡುತ್ತದೆ. ಮಕ್ಕಳಿರುವ ಗಂಟಾದರೆ ಇವೆರಡನ್ನು ಮತ್ತೆ ಜೋಡಿಸಿದಾಗ ಅದೇ ಗಂಟು ಸಿಗಬೇಕು ಎಂಬುದು ನಿಯಮ. ಇಷ್ಟೇ ನಂಬಿ ನಾಲ್ಕು ಸಾಲಿನ ಕೋಡ್‌ನಲ್ಲಿ ಇಡೀ ಮರವನ್ನು ಸುತ್ತಿ ಬರಬಹುದು. ನನಗೆ ಇದು ಬಹಳ ಮೆಚ್ಚುಗೆಯ ವಿನ್ಯಾಸ. ಭಾಗಾಕಾರದ ಗಂಟನ್ನು ಹುಡುಕುವವರು ಮಾತ್ರ ಮೊದಲು ತಬ್ಬಿಬ್ಬಾಗುತ್ತಾರೆ, ಏಕೆಂದರೆ ಅಂಥದ್ದು ಇಲ್ಲ. ಎ/ಪಿ ಎಂಬುದು ಎ ಮತ್ತು ಪಿ ಯ -1 ಘಾತ, ಇವೆರಡರ ಗುಣಲಬ್ಧ. ಕಳೆಯುವಿಕೆಯೂ ಹಾಗೇ, -1 ರಿಂದ ಗುಣಿಸಿ ಕೂಡುವುದು. ಜಾತಿಗಳು ಕಡಿಮೆಯಾದಷ್ಟೂ ತಿದ್ದುವ ನಿಯಮಗಳೂ ಕಡಿಮೆ, ಹಾಗಾಗಿ ಇದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರುವುದು ತಿದ್ದುವಲ್ಲಿ. ಎ, ಪಿ ಎರಡನ್ನೂ ಬರೀ ಚಿಹ್ನೆಗಳೆಂದು ಘೋಷಿಸಿ ಸೂತ್ರ ಬರೆಯಿರಿ. ಎ/ಪಿ ಆವರಣದೊಳಗೆ ಹಾಗೇ ಉಳಿಯುತ್ತದೆ, ‘ಎಕ್ಸ್‌ರಿಪ್ಲೇಸ್’ ಅದರ ಜಾಗಕ್ಕೆ ಆರ್ ತಂದು ಕೂರಿಸುತ್ತದೆ. ಈಗ ಕಾಲುವೆಯ ಬಗ್ಗೆ ಎಲ್ಲರಿಗೂ ಗೊತ್ತಿರುವ ಸತ್ಯವನ್ನೇ ಹೇಳಿ: ಎ, ಪಿ ಎರಡೂ ಧನಸಂಖ್ಯೆಗಳು. ಕೂಡಲೇ ಸಿಂಪೈ ಘಾತವನ್ನು ಒಡೆದು ಎ ಗಳನ್ನು ಒಟ್ಟುಗೂಡಿಸಿ, ಎ ಯ 5/3 ಘಾತ, ಪಿ ಯ -2/3 ಘಾತ ಎಂದು ಬರೆದುಕೊಳ್ಳುತ್ತದೆ. ಗಣಿತ ಸರಿ. ಆದರೆ ಎ/ಪಿ ಎಂಬ ಗಂಟು ಮರದಲ್ಲಿ ಇಲ್ಲವಾಯಿತು, ‘ಎಕ್ಸ್‌ರಿಪ್ಲೇಸ್’ ಬರಿಗೈಯಲ್ಲಿ ಮರಳುತ್ತದೆ. ಮತ್ತೆ ಒಂದೇ ಆವರಣಕ್ಕೆ ಸೇರಿಸಹೊರಟರೆ ಸೇರಿಸಿದ ಕ್ಷಣವೇ ಅದು ಒಡೆಯುತ್ತದೆ. ಹೆಚ್ಚು ತಿಳಿಸಿದವರಿಗೇ ಹೆಚ್ಚು ತೊಂದರೆ ಕೊಡುವ ಈ ನಡೆಯನ್ನು ನಾನು ಒಪ್ಪಲಾರೆ. ಮರ ಕಟ್ಟುವ ಕೆಲಸ, ಸರಳಗೊಳಿಸುವ ಕೆಲಸ ಬೇರೆಬೇರೆ ಇರಬೇಕಿತ್ತು. ‘ಇವ್ಯಾಲ್ಯುಯೇಟ್’ ಎಂಬ ಆಯ್ಕೆಯನ್ನು ‘ಫಾಲ್ಸ್’ ಮಾಡಿ ಈ ಸರಳೀಕರಣವನ್ನು ತಡೆಯಬಹುದು, ನಿಜ. ಮುಂದೆ ಯಾವುದೋ ಫಂಕ್ಷನ್ ಆ ಗಂಟನ್ನು ಹೊಸದಾಗಿ ಕಟ್ಟಿದರೆ ತಡೆ ಮುಗಿಯಿತು.

ಗಣಿತದ ಸೂತ್ರಗಳನ್ನು ಕಂಪೈಲ್ ಮಾಡುತ್ತಿದ್ದ ಇನ್ನೊಂದು ಪೈಥಾನ್ ಲೈಬ್ರರಿ ಥಿಯಾನೋ ಈ ವಿಷಯದಲ್ಲಿ ಹೆಚ್ಚು ಶಿಸ್ತಿನದಾಗಿತ್ತು. ಅದು ಬರೆದ ಗ್ರಾಫನ್ನು ಬರೆದಂತೆ ಇಟ್ಟುಕೊಂಡು, ಕಂಪೈಲ್ ಮಾಡುವಾಗ ನಿಯಮಗಳನ್ನು ಒಂದೊಂದಾಗಿ ಹಾಯಿಸುತ್ತಿತ್ತು. ಅದರ ಒಂದು ನಿಯಮ 1+ಎಕ್ಸ್‌ನ ಲಾಗ್ ಕಂಡಲ್ಲಿ ‘ಲಾಗ್1ಪಿ’ ಹಾಕುತ್ತಿತ್ತು. ಎಕ್ಸ್ 10ರ -17ನೇ ಘಾತವಾದರೆ ಡಬಲ್ ಪ್ರಿಸಿಷನ್‌ನಲ್ಲಿ 1+ಎಕ್ಸ್ ಎಂದರೆ 1 ಮಾತ್ರ, ಲಾಗ್ ಸೊನ್ನೆ. ‘ಲಾಗ್1ಪಿ’ ಸರಿಯಾದ ಬೆಲೆ ಕೊಡುತ್ತದೆ. ಬೀಜಗಣಿತಕ್ಕೆ ಎರಡೂ ಒಂದೇ, ಯಂತ್ರಕ್ಕೆ ಅಲ್ಲ. ಸಿಂಪೈನಲ್ಲೂ ಈ ನಿಯಮ ಇದೆ, ‘ಕೋಡ್‌ಜೆನ್’ ಎಂಬ ಮೂಲೆಯಲ್ಲಿ. ಸೂತ್ರವನ್ನು ‘ಲ್ಯಾಂಬ್ಡಿಫೈ’ ಮೂಲಕ ಸಂಖ್ಯಾ ಲೆಕ್ಕದ ಲೈಬ್ರರಿಯಾದ ನಂಪೈಗೆ ಕಳಿಸುವವರಿಗೆ ಅದು ತಾನಾಗಿ ಸಿಗುವುದಿಲ್ಲ.

ಕಾಲುವೆಯ ಸೂತ್ರಕ್ಕೆ ಸದ್ಯ ನಾನು ಸೂಚಿಸುವುದು ಇಷ್ಟು: ಧನಸಂಖ್ಯೆ ಎಂಬ ಘೋಷಣೆ ಇಲ್ಲದ ಚಿಹ್ನೆಗಳಲ್ಲೇ ಎ/ಪಿ ಯನ್ನು ಆರ್ ಮಾಡಿ, ಆಮೇಲೆ ಧನಚಿಹ್ನೆಗಳನ್ನು ತುಂಬಿ, ಕೊನೆಗೆ ‘ಸಿಎಸ್ಇ’ ಓಡಿಸಿ. ಪದೇ ಪದೇ ಬರುವ ಭಾಗಗಳನ್ನು ಅದು ಒಮ್ಮೆ ಮಾತ್ರ ಲೆಕ್ಕ ಹಾಕುವಂತೆ ಹೊರತೆಗೆಯುತ್ತದೆ, ಆ ಕೆಲಸದಲ್ಲಿ ಸಿಂಪೈ ನನಗೆ ಕೈಕೊಟ್ಟಿಲ್ಲ.