ಮಂಜು ಬೇರೆ, ಧ್ವನಿ ಬೇರೆ

ಫ್ರಾನ್ಸಿನ ಕ್ಲೋದ್ ದೆಬ್ಯುಸಿ (1862–1918) ಮತ್ತು ಮೊರಿಸ್ ರವೆಲ್ (1875–1937) ಪಿಯಾನೊಗೆ ಬರೆದ ಸಂಗೀತದ ಬಗ್ಗೆ ಒಂದು ನಂಬಿಕೆ ಬಹುಕಾಲದಿಂದ ಬೇರೂರಿದೆ. ಅದು ಮಂಜು ಮುಸುಕಿದ ಸಂಗೀತ, ಸ್ವರಗಳು ಒಂದರೊಳಗೊಂದು ಕರಗಿದಷ್ಟೂ ಚೆನ್ನ ಎಂಬ ನಂಬಿಕೆ. ‘ಇಂಪ್ರೆಷನಿಸಂ’ ಎಂಬ ಹೆಸರೇ ಅದಕ್ಕೆ ಆಧಾರವಾಗಿಬಿಟ್ಟಿದೆ. ಈ ಹೆಸರು 1874ರ ಚಿತ್ರಪ್ರದರ್ಶನದಲ್ಲಿ ಚಿತ್ರಕಾರ ಮೊನೆಯ ಸೂರ್ಯೋದಯದ ಚಿತ್ರವನ್ನು ನೋಡಿದ ಒಬ್ಬ ಪತ್ರಿಕಾ ವಿಮರ್ಶಕನ ಅಣಕದಿಂದ ಚಾಲ್ತಿಗೆ ಬಂದದ್ದು. ತನ್ನ ಸಂಗೀತಕ್ಕೆ ಅದನ್ನು ಅಂಟಿಸುವುದನ್ನು ದೆಬ್ಯುಸಿ 1908ರಲ್ಲೇ ಪ್ರಕಾಶಕನಿಗೆ ಬರೆದ ಪತ್ರದಲ್ಲಿ ಖಂಡಿಸಿದ್ದ. ಆದರೂ ಹೆಸರು ಉಳಿಯಿತು. ಹೆಸರಿನ ಜೊತೆಗೆ ಮಸುಕಾಗಿ ನುಡಿಸುವ ಒಂದು ಪರಂಪರೆಯೂ ಬೆಳೆಯಿತು. ಆ ಪರಂಪರೆ ಈ ಸಂಗೀತಕ್ಕೆ ನ್ಯಾಯ ಮಾಡಿಲ್ಲ ಎಂಬುದು ನನ್ನ ವಾದ.

ಕೆಂಕೆರೆಯ ತೆಂಗಿನ ಸೀಮೆಯಲ್ಲಿ ಕೂತು ಪ್ಯಾರಿಸ್ಸಿನ ಪಿಯಾನೊವನ್ನು ಯಾವ ಕೋಲಿನಿಂದ ಅಳೆಯುತ್ತೀರಿ ಎಂದು ಯಾರಾದರೂ ಕೇಳಬಹುದು. ಕೋಲು ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನವರು ಕೊಟ್ಟದ್ದು. ತೀರ್ಥಪುರದಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು 1953ರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಆನಂದವರ್ಧನನ ಧ್ವನಿ ಸಿದ್ಧಾಂತವನ್ನು ಕನ್ನಡದ ಓದುಗರ ಕೈಗೆ ಎಟುಕುವಂತೆ ಇಟ್ಟರು. ಕಾವ್ಯದಲ್ಲಿ ಹೇಳಿದ್ದಕ್ಕಿಂತ ಹೊಳೆಯಿಸಿದ್ದು ದೊಡ್ಡದು ಎನ್ನುತ್ತದೆ ಆ ಸಿದ್ಧಾಂತ. ಹಾಗೆಂದು ಹೇಳುವ ಮಾತು ಹೇಗಿದ್ದರೂ ನಡೆದೀತು ಎಂದು ಅದು ಎಲ್ಲಿಯೂ ಒಪ್ಪುವುದಿಲ್ಲ. ಬೆಳಕು ಬೇಕೆನ್ನುವವನು ದೀಪದ ಕುಡಿಯನ್ನು ಜತನ ಮಾಡುವಂತೆ, ವ್ಯಂಗ್ಯಾರ್ಥ ಬೇಕೆನ್ನುವವನು ವಾಚ್ಯಾರ್ಥವನ್ನು ಜತನ ಮಾಡಬೇಕು ಎಂಬುದು ಆನಂದವರ್ಧನನ ನಿಲುವು. ಮೊದಲ ಅರ್ಥ ಸ್ಪಷ್ಟವಾದ ಮೇಲೆ ಗಂಟೆಯ ಅನುರಣನದಂತೆ ಇನ್ನೊಂದು ಅರ್ಥ ಹೊಮ್ಮುವ ಬಗೆಯನ್ನೂ ಆ ಸಿದ್ಧಾಂತ ಗುರುತಿಸುತ್ತದೆ. ಫ್ರೆಂಚ್ ಪಿಯಾನೊ ಸಂಗೀತದ ವಾದನವನ್ನು ಪರೀಕ್ಷಿಸಲು ಇದಕ್ಕಿಂತ ನಿಖರವಾದ ಒರೆಗಲ್ಲು ನನಗೆ ಬೇರೆಲ್ಲೂ ಕಂಡಿಲ್ಲ.

ಪಿಯಾನೊದ ಗುಣವೇ ಈ ಹೋಲಿಕೆಗೆ ಎಡೆ ಕೊಡುತ್ತದೆ. ಕೀಲಿ ಒತ್ತಿದರೆ ಸುತ್ತಿಗೆ ತಂತಿಗೆ ಬಡಿಯುತ್ತದೆ. ಬಡಿದ ಕ್ಷಣದಿಂದ ನಾದ ಕ್ಷೀಣಿಸುತ್ತ ಹೋಗುತ್ತದೆ. ಆಮೇಲೆ ಅದನ್ನು ಹಿಗ್ಗಿಸುವಂತಿಲ್ಲ, ವೀಣೆಯಲ್ಲಿ ಮಾಡುವಂತೆ ತಂತಿ ಎಳೆದು ಗಮಕ ಕೊಡುವಂತಿಲ್ಲ. ವಾದಕನ ಕೈಯಲ್ಲಿ ಇರುವುದು ಬಡಿತದ ತೂಕ, ಬಡಿತದ ಗಳಿಗೆ ಮತ್ತು ಬಲಗಾಲಿನ ಪೆಡಲ್. ಪೆಡಲ್ ತುಳಿದರೆ ಎಲ್ಲ ತಂತಿಗಳ ಮೇಲಿನ ಡ್ಯಾಂಪರ್ ಮೇಲೆದ್ದು, ಬಡಿಯದ ತಂತಿಗಳೂ ಜೊತೆಗೂಡಿ ಅನುರಣಿಸುತ್ತವೆ. ದೆಬ್ಯುಸಿ ಈ ಅನುರಣನವನ್ನು ಪ್ರೀತಿಸಿದವನು. ಅವನ ಮನೆಯ ಬ್ಲೂಟ್ನರ್ ಪಿಯಾನೊದಲ್ಲಿ ತಾರಸ್ಥಾಯಿಗೆ ಸುತ್ತಿಗೆ ಮುಟ್ಟದ ಒಂದು ಹೆಚ್ಚುವರಿ ತಂತಿ ಇತ್ತು. ಅದರ ಕೆಲಸ ಅನುರಣಿಸುವುದಷ್ಟೇ. ಇಷ್ಟೆಲ್ಲ ಮಾಡಿದವನು ತನ್ನ ಸ್ವರಲಿಪಿಯಲ್ಲಿ ಪೆಡಲ್ ಗುರುತನ್ನು ಹಾಕಿದ್ದು ತೀರ ಅಪರೂಪ. ಆ ತೀರ್ಮಾನವನ್ನು ವಾದಕನ ಕಿವಿಗೆ ಬಿಟ್ಟ. ಮಂಜಿನ ಪರಂಪರೆ ಹೀಗೆ ಬಿಟ್ಟದ್ದನ್ನು ಸಡಿಲಿಕೆ ಎಂದು ಓದಿಕೊಂಡಿತು.

ಪ್ರೆಲ್ಯೂಡುಗಳ ಮೊದಲ ಸಂಪುಟದ (1910) ಎರಡನೆಯ ರಚನೆ ‘ವ್ವಾಲ್’ (ಹಾಯಿಗಳು) ಅನ್ನು ನೋಡಿ. ಆರು ಸಮಾನ ಅಂತರಗಳ ಸ್ವರಶ್ರೇಣಿಯಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಸಾಗುತ್ತದೆ. ನಡುವೆ ಕೆಲವೇ ಆವರ್ತಗಳಿಗೆ ಐದು ಸ್ವರಗಳ ಶ್ರೇಣಿಗೆ ಹೊರಳುತ್ತದೆ. ಇವೆಲ್ಲದರ ಕೆಳಗೆ ಮಂದ್ರದಲ್ಲಿ ಬಿ-ಫ್ಲ್ಯಾಟ್ ಸ್ವರವೊಂದು ಮತ್ತೆ ಮತ್ತೆ ಕೇಳಿಸುತ್ತದೆ. ತಂಬೂರಿ ಕೇಳಿ ಬೆಳೆದ ನಮ್ಮ ಕಿವಿಗೆ ಅದು ಆಧಾರ ಶ್ರುತಿ. ಮೇಲಿನ ಸ್ವರಗಳು ತೇಲುವಂತೆ ಅನ್ನಿಸುವುದು ಕೆಳಗಿನದು ಅಲುಗದೆ ನಿಂತಾಗ ಮಾತ್ರ. ಪೆಡಲ್ ಪೂರ್ತಿ ಒತ್ತಿ ಹಿಡಿದರೆ ಆ ಸ್ವರ ಸುತ್ತಲಿನ ಗದ್ದಲದಲ್ಲಿ ಹೂತುಹೋಗುತ್ತದೆ. ಪೂರ್ತಿ ಬಿಟ್ಟರೆ ಕಡಿದುಹೋಗುತ್ತದೆ. ಆಗಿನ ಫ್ರೆಂಚ್ ಪಿಯಾನೊಗಳಲ್ಲಿ ಆಯ್ದ ಸ್ವರಗಳನ್ನಷ್ಟೇ ಹಿಡಿದಿಡುವ ನಡುವಿನ ಪೆಡಲ್ ಸಾಮಾನ್ಯವಾಗಿ ಇರಲಿಲ್ಲ. ಕಾಲನ್ನು ಅರ್ಧಕ್ಕೆ ಎತ್ತಿ ಮೇಲಿನದನ್ನು ತಿಳಿಯಾಗಿಸಿ ಕೆಳಗಿನದನ್ನು ಉಳಿಸಿಕೊಳ್ಳುವ ಕುಸುರಿ ಕೆಲಸ ಬೇಕು. ಅದು ತಪ್ಪಿದ ವಾದನದಲ್ಲಿ ಹಾಯಿಯೂ ಇಲ್ಲ, ಗಾಳಿಯೂ ಇಲ್ಲ.

ಸ್ವರಲಿಪಿಗೆ ನಿಷ್ಠರಾಗಿದ್ದರೆ ಸಾಕು ಎನ್ನುವ ಎದುರು ಪಕ್ಷವೂ ಇದೆ. ಅದಕ್ಕೂ ಉತ್ತರ ಕೊಡಬೇಕು. ಅದೇ ಸಂಪುಟದ ‘ಮುಳುಗಿದ ಚರ್ಚು’ ಕಡಲಲ್ಲಿ ಮುಳುಗಿದ ಒಂದು ನಗರದ ಬ್ರಿಟನಿ ಪ್ರಾಂತ್ಯದ ಐತಿಹ್ಯವನ್ನು ನೆನೆಯುವ ರಚನೆ. ದೆಬ್ಯುಸಿ 1913ರ ಸುಮಾರಿಗೆ ವೆಲ್ಟೆ ಕಂಪನಿಯ ಸ್ವಯಂಚಾಲಿತ ಪಿಯಾನೊದ ಕಾಗದದ ಸುರುಳಿಗಳಿಗೆ ತನ್ನ ವಾದನವನ್ನು ದಾಖಲಿಸಿದಾಗ, ಈ ರಚನೆಯ 7ರಿಂದ 12 ಮತ್ತು 22ರಿಂದ 83ರವರೆಗಿನ ಆವರ್ತಗಳನ್ನು ಅಚ್ಚಾದ ಲಿಪಿಗಿಂತ ಇಮ್ಮಡಿ ಕಾಲದಲ್ಲಿ ನುಡಿಸಿದ್ದ. ಅಚ್ಚಿನಲ್ಲಿ ಆ ಸೂಚನೆ ಇರಲಿಲ್ಲ. ಆರಂಭದಲ್ಲಿ ಅವನು ಬರೆದ ಎರಡು ತಾಳಸಂಖ್ಯೆಗಳು ಮಾತ್ರ ಅದರ ಸುಳಿವು ಕೊಡುತ್ತವೆ. ದಶಕಗಳ ಕಾಲ ಎಷ್ಟೋ ವಾದಕರು ಆ ಭಾಗವನ್ನು ವಿಳಂಬದಲ್ಲಿ ಎಳೆದರು. ಎಳೆದದ್ದನ್ನು ಗಾಂಭೀರ್ಯವೆಂದು ಕೇಳುಗರು ಒಪ್ಪಿಕೊಂಡರು. ಕಾಗದದ ಸುರುಳಿ ಪೆಡಲಿನ ಸೂಕ್ಷ್ಮವನ್ನೂ ಸ್ಪರ್ಶದ ತೂಕವನ್ನೂ ಪೂರ್ತಿ ಹಿಡಿಯಲಾರದು, ಆದರೆ ಇಮ್ಮಡಿ ಕಾಲದಂಥ ದೊಡ್ಡ ಸಂಗತಿಯಲ್ಲಿ ಅದರ ಸಾಕ್ಷ್ಯ ಗಟ್ಟಿಯಾದದ್ದು. ನಿಷ್ಠೆಗೂ ವಿವೇಕ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಪ್ರೆಲ್ಯೂಡುಗಳ ಶೀರ್ಷಿಕೆಗಳನ್ನು ದೆಬ್ಯುಸಿ ಪ್ರತಿ ರಚನೆಯ ಕೊನೆಯಲ್ಲಿ, ಚುಕ್ಕಿಗಳ ನಂತರ, ಕಂಸದೊಳಗೆ ಇಟ್ಟ. ಮೊದಲು ಸಂಗೀತ, ಹೆಸರು ಆಮೇಲೆ. ರಸವನ್ನು ಅದರ ಹೆಸರಿನಿಂದಲೇ ಕರೆದು ತೋರಿಸುವುದನ್ನು ನಮ್ಮ ಆಲಂಕಾರಿಕರು ದೋಷವೆಂದು ಎಣಿಸಿದ್ದರು. ಶೃಂಗಾರ ಎಂದು ಹೇಳಿದ ಮಾತ್ರಕ್ಕೆ ಶೃಂಗಾರ ಹುಟ್ಟದು. ದೆಬ್ಯುಸಿಯ ಈ ಜೋಡಣೆಯ ಹಿಂದೆ ಅದೇ ತಿಳಿವಳಿಕೆ ಇದೆ. ‘ಹಿಮದ ಮೇಲಿನ ಹೆಜ್ಜೆಗಳು’ ಎಂದು ಮೊದಲೇ ಘೋಷಿಸಿ, ಪ್ರತಿ ಸ್ವರವನ್ನೂ ಕಾಲೆಳೆಯುವವನ ಹಾಗೆ ಅಭಿನಯಿಸುವ ವಾದಕ ಕೇಳುಗನ ಪಾಲಿನ ಕೆಲಸವನ್ನು ಕಸಿದುಕೊಳ್ಳುತ್ತಾನೆ. ಆ ರಚನೆಯಲ್ಲಿ ಎಡಬಿಡದೆ ಬರುವ ಪುಟ್ಟ ಲಯವಿನ್ಯಾಸವನ್ನು ಅಳತೆ ತಪ್ಪದೆ ನುಡಿಸಿದರೆ ಚಳಿಯೂ ಒಂಟಿತನವೂ ತಾವಾಗಿ ಬರುತ್ತವೆ.

ರವೆಲ್ ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ‘ಗಾಸ್ಪಾರ್ ದ ಲಾ ನುಯಿ’ಯ (1908) ನಡುವಿನ ಭಾಗ ‘ಗಲ್ಲುಗಂಬ’. ಅದರ 52 ಆವರ್ತಗಳುದ್ದಕ್ಕೂ ದೂರದ ಗಂಟೆಯೊಂದು ಬಿ-ಫ್ಲ್ಯಾಟಿನಲ್ಲೇ ಬಾರಿಸುತ್ತಿರುತ್ತದೆ, ಕಾಲ ಬದಲಾಗಕೂಡದು. 1909ರ ಜನವರಿ 9ರಂದು ಇದನ್ನು ಮೊದಲ ಬಾರಿಗೆ ನುಡಿಸಿದ ರಿಕಾರ್ಡೊ ವಿನ್ಯೆಸ್ ಇಬ್ಬರೂ ಸಂಗೀತಗಾರರ ಎಷ್ಟೋ ರಚನೆಗಳನ್ನು ಲೋಕಕ್ಕೆ ಪರಿಚಯಿಸಿದ ದೊಡ್ಡ ವಾದಕ. ಕೇಳುಗರಿಗೆ ಬೇಸರವಾದೀತೆಂದು ಅವನು ಈ ಭಾಗವನ್ನು ರವೆಲ್ ಬಯಸಿದಂತೆ ನುಡಿಸಲು ಒಪ್ಪಲಿಲ್ಲ. ರವೆಲ್ ಅದನ್ನು ಮರೆಯಲಿಲ್ಲ. ಇಲ್ಲಿ ನನ್ನ ಮನಸ್ಸು ಪೂರ್ತಿ ರವೆಲ್ ಕಡೆಗೇ. ಬೇಸರದ ಅಂಚಿನವರೆಗೂ ಒಂದೇ ಸಮನೆ ಹೋದಾಗಲೇ ಆ ಗಂಟೆ ಸಾವನ್ನು ಸೂಚಿಸುತ್ತದೆ.

ಹಾಗಾದರೆ ಯಾರನ್ನು ಕೇಳಬೇಕು? ಮಂಜಿನ ಪರಂಪರೆಗೆ ವಾಲ್ಟರ್ ಗೀಸೆಕಿಂಗ್ ಹೆಸರನ್ನು ಜೋಡಿಸುವವರಿದ್ದಾರೆ. ಅದು ಅನ್ಯಾಯ. 1950ರ ದಶಕದ ಅವನ ಧ್ವನಿಮುದ್ರಿಕೆಗಳಲ್ಲಿ ಸ್ವರ ಎಷ್ಟು ಮೆಲುವಾದರೂ ಅದರ ಅಂಚು ಅಳಿಯುವುದಿಲ್ಲ. ಮಸುಕು ಅವನನ್ನು ಅನುಕರಿಸಿದವರದು. ಮಿಕೆಲಾಂಜೆಲಿ 1978ರಲ್ಲಿ ಧ್ವನಿಮುದ್ರಿಸಿದ ಪ್ರೆಲ್ಯೂಡುಗಳ ಮೊದಲ ಸಂಪುಟದಲ್ಲಿ ಪ್ರತಿ ಸ್ವರಕ್ಕೂ ತನ್ನದೇ ತೂಕ, ತನ್ನದೇ ಬಣ್ಣ. ಆ ಪರಿಪೂರ್ಣತೆ ಕೆಲವೆಡೆ ತಣ್ಣಗೆನಿಸುವುದು ನಿಜ. ಲಯವೂ ಅಲ್ಲಿ ಬಿಗಿಯಾಗುತ್ತದೆ. ರವೆಲ್‌ನ ಪಿಯಾನೊ ರಚನೆಗಳನ್ನೆಲ್ಲ 1927ರಲ್ಲಿ ಅವನ ಬಳಿಯೇ ಕೂತು ಪಾಠ ಮಾಡಿಸಿಕೊಂಡ ವ್ಲಾಡೊ ಪೆರ್ಲೆಮ್ಯುಟರ್ ವಾದನದಲ್ಲಿ ನಿಖರತೆಯೂ ಬೆಚ್ಚನೆಯ ಉಸಿರೂ ಒಟ್ಟಿಗೇ ಇವೆ. ನನ್ನ ಮೊದಲ ಆಯ್ಕೆ ಅವನು.

ಕರ್ನಾಟಕಕ್ಕೆ ಪಿಯಾನೊ ಬಂದ ದಾರಿ ಬೇರೆ. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು (1919–1974) ನುರಿತ ಪಿಯಾನೊ ವಾದಕರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್. ಕರ್ನಾಟಕ ಸಂಗೀತದ ವಾಗ್ಗೇಯಕಾರರೂ ಹೌದು. 1940ರ ದಶಕದ ಕೊನೆಯಲ್ಲಿ ಅವರ ಹಣದಿಂದ ರಷ್ಯದ ನಿಕೊಲಾಯ್ ಮೆಟ್ನರ್ ತನ್ನ ರಚನೆಗಳನ್ನು ತಾನೇ ನುಡಿಸಿ ಮುದ್ರಿಸಿದ. ಸಂಗೀತಗಾರನ ಕೈಯ ಸಾಕ್ಷ್ಯವನ್ನು ಮುಂದಿನವರಿಗೆ ಉಳಿಸಿದ ಆ ಔದಾರ್ಯಕ್ಕೆ ಜಗತ್ತಿನ ಪಿಯಾನೊ ಲೋಕ ಋಣಿ. ಆದರೆ ಮೆಟ್ನರ್ ಹೊಸ ಸಂಗೀತದ ಕಡುವಿರೋಧಿ. ಮೈಸೂರಿನ ಆ ಒಲವಿನಲ್ಲಿ ಪ್ಯಾರಿಸ್ಸಿನ ಪಾಲು ಕಡಿಮೆ. ಇಂದು ಬೆಂಗಳೂರಿನ ಮಕ್ಕಳು ಲಂಡನ್ನಿನ ಮಂಡಳಿಗಳ ಪರೀಕ್ಷೆಗೆ ಕಲಿಯುತ್ತಾರೆ. ಅವರಿಗೆ ದೆಬ್ಯುಸಿ ಎಂದರೆ ಬಹುಪಾಲು ‘ಕ್ಲೇರ್ ದ ಲೂನ್’. ಅದರ ತಾಳದಲ್ಲಿ ಮೂರು ಮೂರರ ನಡೆಯ ನಡುವೆ ಎರಡೆರಡು ಸ್ವರಗಳು ಬರುತ್ತವೆ. ತಿಶ್ರವನ್ನೂ ಚತುರಶ್ರವನ್ನೂ ಕೈಯಲ್ಲಿ ಎಣಿಸಬಲ್ಲ ನಮ್ಮ ಮಕ್ಕಳಿಗೆ ಆ ವ್ಯತ್ಯಾಸ ಕಷ್ಟವಾಗಬಾರದು. ಭಾವದ ಹೆಸರಿನಲ್ಲಿ ಎರಡನ್ನೂ ಒಂದೇ ಹದಕ್ಕೆ ಕಲಸಿದಾಗ ಆ ರಚನೆ ಅಗ್ಗದ ಹಿನ್ನೆಲೆ ಸಂಗೀತವಾಗುತ್ತದೆ.

ಅದನ್ನು ತಿದ್ದುವ ಕಿವಿ ನಮ್ಮಲ್ಲಿದೆ. ವೀಣೆ ಶೇಷಣ್ಣನವರಿಂದ (1852–1926) ವೆಂಕಟಗಿರಿಯಪ್ಪನವರ ಮೂಲಕ ದೊರೆಸ್ವಾಮಿ ಅಯ್ಯಂಗಾರರವರೆಗೆ (1920–1997) ಹರಿದ ಮೈಸೂರು ಬಾನಿಯಲ್ಲಿ ಮೀಟು ಬಿಡಿಬಿಡಿ, ಸ್ಪಷ್ಟ, ಎಳೆತ ಮಿತ. ಆ ಮಿತಿಯೊಳಗಿಂದಲೇ ರಾಗದ ನೆರಳು ಹರಡುತ್ತದೆ. ಆ ವೀಣೆ ಕೇಳಿ ಬಲ್ಲವನಿಗೆ ತಿಳಿಯಾದ ನಾದವೇ ಆಳವಾದ ನಾದ ಎಂದು ಬೇರೆ ಯಾರೂ ಕಲಿಸಬೇಕಾಗಿಲ್ಲ.

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಯವರು ಇಂಗ್ಲಿಷ್ ಕವಿತೆಯನ್ನು ಕನ್ನಡದ ಲಯಕ್ಕೆ ಒಗ್ಗಿಸಿ ನಮ್ಮ ಕಾವ್ಯದ ದಿಕ್ಕನ್ನೇ ಬದಲಿಸಿದರು. ಹೊರಗಿನದನ್ನು ನಮ್ಮ ಕಿವಿಯಿಂದ ಕೇಳಿ ಪಡೆಯುವ ಆ ಧೈರ್ಯ ಸಂಗೀತ ವಿಮರ್ಶೆಗೂ ಬರಬೇಕು. ದೆಬ್ಯುಸಿ, ರವೆಲ್ ವಾದನದ ಮುಂದೆ ಕನ್ನಡದ ಕೇಳುಗ ಮೂರು ಪ್ರಶ್ನೆಗಳನ್ನು ಇಡಲಿ: ಕೆಳಗಿನ ಸ್ವರ ನಿಂತಿದೆಯೆ, ಲಯದ ಅಳತೆ ಉಳಿದಿದೆಯೆ, ವಾದಕ ಹೇಳಬಾರದ್ದನ್ನು ಹೇಳದೆ ಬಿಟ್ಟಿದ್ದಾನೆಯೆ? ಈ ಮೂರಕ್ಕೂ ಹೌದು ಎಂಬ ಉತ್ತರ ಬಂದ ವಾದನದಲ್ಲಿ ಧ್ವನಿ ಇದೆ. ಬಾರದಿದ್ದರೆ ವಾದಕ ಎಷ್ಟೇ ಖ್ಯಾತನಾಗಿದ್ದರೂ ಹಾಗೆಂದು ಹೇಳುವ ಹಕ್ಕು ನಮಗಿದೆ.